ಖಾಲಿ ಬಿಟ್ಟ ಶನಿವಾರಗಳು

ವಾಡಿ
28 ಡಿಸೆಂಬರ್ 2025

ಪ್ರೀತಿಯ ತಂಗಿ ಅಂಬುಜಾಗೆ,

ಆ ದಿನ ಫೋನಿನಲ್ಲಿ ನೀನು, ಬೈಬಲ್ ಓದುತ್ತ ಯಾಜಕಕಾಂಡಕ್ಕೆ ಬಂದರೆ ಪ್ರತಿ ವರ್ಷ ನನ್ನ ಗಾಡಿ ಅಲ್ಲೇ ನಿಂತುಬಿಡುತ್ತದೆ ಎಂದೋ ಏನೋ ಅಂದಿದ್ದೆ. ಮಾತು ಪೂರ್ತಿ ನೆನಪಿಲ್ಲ. ನಿನ್ನ ಹಿಂದೆ ವಾರ್ಡಿನಲ್ಲಿ ಯಾರೋ ಸಿಸ್ಟರ್, ಸಿಸ್ಟರ್ ಎಂದು ಕರೆಯುತ್ತಿದ್ದರು. ಫೆಬ್ರುವರಿಯಲ್ಲಿ ಅವ್ವ ಹೋದ ಮೇಲೆ ಬೈಬಲ್ ತೆರೆದೇ ಇಲ್ಲ, ಜನವರಿಯಿಂದ ಮತ್ತೆ ಓದಬೇಕು, ಒಂದು ಪಟ್ಟಿ ಮಾಡಿ ಕಳಿಸು ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಮೂರು ವಾರ ತಡ ಮಾಡಿದೆ. ಸಿಟ್ಟಾಗಬೇಡ. ನಡುವೆ ಕ್ರಿಸ್ಮಸ್ ಬಂತು. ನಿನ್ನ ಪಾಲಿನ ಕರ್ಚಿಕಾಯಿ ಡಬ್ಬಿಯಲ್ಲಿವೆ.

ಪಟ್ಟಿ ಎಂದರೆ ನನಗೆ ಗೊತ್ತಿರುವುದು ಒಂದೇ ಬಗೆ. ರೈಲುಗಳ ಓಟವನ್ನು ನಾವು ಸ್ಟೇಷನ್ ಮಾಸ್ತರರು ನಕ್ಷೆಯಾಗಿ ಬರೆಯುತ್ತೇವೆ: ಎಡಕ್ಕೆ ಸ್ಟೇಷನ್ನುಗಳು, ಮೇಲೆ ಗಂಟೆಗಳು, ನಡುವೆ ಓರೆಯಾಗಿ ಇಳಿಯುವ ಗೆರೆಯೇ ಗಾಡಿ. ದೊಡ್ಡ ಹಾಳೆಯೊಂದರಲ್ಲಿ ಸ್ಟೇಷನ್ನುಗಳ ಜಾಗಕ್ಕೆ ಆದಿಕಾಂಡದಿಂದ ಪ್ರಕಟನೆಯವರೆಗೆ ಅರವತ್ತಾರು ಪುಸ್ತಕ ಬರೆದೆ, ಗಂಟೆಗಳ ಜಾಗಕ್ಕೆ ದಿನ. ಗೋಡೆಗೆ ಅಂಟಿಸಿ ದೂರ ನಿಂತು ನೋಡಿದರೆ ಇಡೀ ವರ್ಷ ಒಂದೇ ನೋಟಕ್ಕೆ ಕಾಣುತ್ತದೆ. ನಿನ್ನ ಅತ್ತಿಗೆ ಭಾಗ್ಯಶ್ರೀ ನೋಡಿ, "ಮೋಶೆಗೂ ಟಿಕೆಟ್ ತೆಗೆಸ್ತೀರೇನು?" ಎಂದಳು.

ಮೊದಲು ಎಳೆದ ಗೆರೆ ನೇರವಾಗಿತ್ತು, ದಿನಕ್ಕೆ ಮೂರು ಅಧ್ಯಾಯಕ್ಕಿಂತ ಚೂರು ಹೆಚ್ಚು, ಮುನ್ನೂರ ಅರವತ್ತೈದು ದಿನವೂ. ನನಗದು ಚೆಂದವೇ ಕಂಡಿತು. ನಮ್ಮ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಲಾಲ್ ಅಹ್ಮದ್ ಯಾವುದೋ ಚಾವಿ ಕೊಡಲು ಮನೆಗೆ ಬಂದವನು ಹಾಳೆಯ ಮುಂದೆ ಬಹಳ ಹೊತ್ತು ನಿಂತ. ಇಪ್ಪತ್ತೆರಡು ವರ್ಷ ಗಾಡಿಗಳನ್ನು ನೋಡಿದವನು.

"ಮಾಸ್ತರ್, ಇದ್ರಾಗ ಲೇಟಾದ ಗಾಡಿಗಿ ಜಾಗಾನೇ ಇಲ್ಲಲ್ರಿ."

ನಾನು ನಕ್ಕೆ. ಅವನು ಹೋದ ಮೇಲೆ ನಗು ಬರಲಿಲ್ಲ. ಕಲ್ಲಿದ್ದಲಿನ ಗಾಡಿಗೂ ದಾರಿಯಲ್ಲಿ ಹತ್ತು ನಿಮಿಷ ಹೆಚ್ಚಿಗೆ ಇಡುವ ನಾನು ಮನುಷ್ಯರಿಗೆ ಇಟ್ಟಿರಲಿಲ್ಲ. ಹಾಳೆ ತಿರುವಿ ಹಾಕಿ ಮತ್ತೆ ಬರೆದೆ. ವಾರಕ್ಕೆ ಆರು ದಿನ, ದಿನಕ್ಕೆ ನಾಲ್ಕು ಅಧ್ಯಾಯ. ಶನಿವಾರ ಖಾಲಿ. ಹಿಂದೆ ಬಿದ್ದಿದ್ದರೆ ಅಂದು ಕೂಡಿಕೊ, ಇಲ್ಲದಿದ್ದರೆ ಮನಸ್ಸು ಕೇಳಿದ್ದನ್ನು ಓದು. ಡಿಸೆಂಬರಿನಲ್ಲಿ ಇನ್ನೂ ಹದಿನೈದು ದಿನ ಉಳಿಯುತ್ತವೆ. ಯಾಜಕಕಾಂಡದಲ್ಲಿ ಒಂದು ವಾರ ನಿಂತರೂ ಯಾರೂ ವಿವರಣೆ ಕೇಳುವುದಿಲ್ಲ.

ಅದೇ ಹಾಳೆಯಲ್ಲಿ ಎರಡು ಗೆರೆ ಇವೆ. ಕೆಂಪು ನಿನ್ನದು, ಕಪ್ಪು ನನ್ನದು. ನೀನು ಒಪ್ಪಿದರೆ ಚಿಂಚೋಳಿಯಲ್ಲಿ ನೀನು, ಇಲ್ಲಿ ನಾನು, ಒಂದೇ ದಿನ ಒಂದೇ ಅಧ್ಯಾಯದಲ್ಲಿ ಇರುತ್ತೇವೆ. ಚಿಕ್ಕವರಿದ್ದಾಗ ಅವ್ವನ ಮುಂದೆ ಕುಳಿತು ಸರತಿಯ ಮೇಲೆ ಓದುತ್ತಿದ್ದೆವಲ್ಲ, ಆಮೇಲೆ ನಾವಿಬ್ಬರೂ ಕೂಡಿ ಓದಿಯೇ ಇಲ್ಲ. ನನಗೆ ಇದು ಬೇಕಾಗಿದೆ. ಕೇಳಿದವಳು ನೀನಾದರೂ ನಿನಗಿಂತ ಹೆಚ್ಚು ನನಗೆ ಬೇಕಾಗಿದೆ.

ಸೋಮವಾರದ ಚಿಂಚೋಳಿ ಬಸ್ಸಿಗೆ ಡಬ್ಬಿ, ಹಾಳೆ ಎರಡನ್ನೂ ಕೊಟ್ಟು ಕಳಿಸುತ್ತೇನೆ. ಹೊಸ ವರ್ಷ ನಿನ್ನ ಕೈಗೆ ಬಲ ಕೊಡಲಿ, ನಿನ್ನ ವಾರ್ಡಿನವರೆಲ್ಲ ನಡೆದೇ ಮನೆಗೆ ಹೋಗಲಿ.

ನಿನ್ನ ಅಣ್ಣ,
ಶಾಂತಕುಮಾರ

ಮರೆತದ್ದು: ಮರೆತದ್ದಲ್ಲ, ಬರೆಯಲಾಗದ್ದು. ಫೆಬ್ರುವರಿಯ ಆ ಮಧ್ಯಾಹ್ನ ಕಲಬುರಗಿಯ ಆಸ್ಪತ್ರೆಯಲ್ಲಿ, ಅವ್ವಗ ಕುರುಬನ ಕೀರ್ತನೆ, ‘ಯೆಹೋವನು ನನಗೆ ಕುರುಬನು’ ಅನ್ನೋದು, ಓದು ಎಂದು ನನಗೆ ಹೇಳಿ ನೀನು ಔಷಧ ತರಲು ಹೋದೆ. ಅವ್ವನೂ ಅದನ್ನೇ ಕೇಳಿದಳು. ಈ ವರ್ಷದ ನನ್ನ ಓದಿನ ಪಟ್ಟಿಯಲ್ಲಿ ಅಂದು ಬೈಬಲಿನ ಅರಣ್ಯಕಾಂಡ ಇತ್ತು. "ಕೀರ್ತನೆ ಜೂನ್‌ದಾಗ ಬರ್ತಾವವ್ವ" ಎಂದೆ. "ಆಯ್ತಪ್ಪ, ನೀ ಓದೋದೇ ಓದು" ಎಂದಳು. ನಾನು ಇಸ್ರಾಯೇಲಿನ ಗೋತ್ರಗಳ ಜನಗಣತಿ, ಹೆಸರಿನ ಮೇಲೆ ಹೆಸರು, ಓದಿದೆ. ಸಂಜೆಯೊಳಗೆ ಹೋದಳು. ಮಣ್ಣಿನ ದಿನ ನೀನು ಎಲ್ಲರ ಮುಂದೆ, ಅವ್ವ ಬೇಡಿದ್ದನ್ನ ಅಣ್ಣ ಓದಿ ಕಳಿಸಿದ ಎಂದು ಹೇಳಿದೆ. ನಾನು ತಲೆ ತಗ್ಗಿಸಿ ನಿಂತೆ, ಅಲ್ಲವೆನ್ನಲಿಲ್ಲ. ಇದು ತಿಳಿದ ಮೇಲೂ ನನ್ನ ಜೊತೆ ಓದುತ್ತೀ ಎಂಬ ನಂಬಿಕೆಯಿಂದಲೇ ಬರೆದಿದ್ದೇನೆ. ಇನ್ನೊಂದು ಪ್ರಶ್ನೆಗೆ ಉತ್ತರ ನಿನ್ನ ಬಳಿಯೂ ಇರಲಿಕ್ಕಿಲ್ಲ. ಅವ್ವಾ, ಆ ಹೆಸರುಗಳೆಲ್ಲ ಮುಗಿಯಲಿ, ಆಮೇಲೆ ಮಗ ಕೀರ್ತನೆ ಓದಿಯಾನು ಎಂದು ಕಾಯುತ್ತ ಮಲಗಿದ್ದೆಯಾ?