ಬಳ್ಳಿಯ ದಣಿವು

ಕೆರೆಬಿಳಚಿ
೧೨ ಜೂನ್ ೧೯೮೩

ಕಲ್ಲಮ್ಮನವರಿಗೆ ನಮಸ್ಕಾರಗಳು.

ನೀವು ಒಂಬತ್ತು ವರ್ಷ ಎಲೆ ಎಣಿಸಿದ ವೀಳ್ಯದೆಲೆ ಬೆಳೆಗಾರರ ಸಂಘಕ್ಕೆ ನಾನು ಹೊಸ ಕ್ಲರ್ಕು. ಹತ್ತು ವರ್ಷ ತುಂಬಿತೆಂದು ಸಂಘದ ಚರಿತ್ರೆ ಬರೆಯುವ ಕೆಲಸವನ್ನೂ ನನಗೇ ಒಪ್ಪಿಸಿದ್ದಾರೆ. ಅದರಲ್ಲೊಂದು ವಿಷಯವನ್ನು ನಿಮ್ಮನ್ನೇ ಕೇಳಬೇಕು.

ಇಲ್ಲಿ ತಿಂಗಳಿಗೆ ನಾಲ್ಕು ದಿನ ಯಾರ ತೋಟದಲ್ಲೂ ಎಲೆ ಕೊಯ್ಯುವುದಿಲ್ಲ. ಯಾಕೆಂದು ಅಧ್ಯಕ್ಷರಾದ ಕೊಟ್ರಬಸಪ್ಪನವರನ್ನು ಕೇಳಿದೆ. "ಬಳ್ಳಿಗೂ ದಣಿವಾಗ್ತೈತಮ್ಮಾ. ನಾಕು ದಿನ ಬಿಟ್ರೆ ಎಲೆ ದಪ್ಪಗೆ ಬರ್ತಾವೆ. ಮೊದ್ಲಿಂದ್ಲೂ ಹಿಂಗೇ ಐತೆ," ಅಂದರು.

ಹಳೆಯ ಪುಸ್ತಕ ತೆಗೆದು ನೋಡಿದೆ. ನಿಮ್ಮ ಕಾಲದಲ್ಲಿ ಒಂದು ಬಿಡುವಿನಿಂದ ಇನ್ನೊಂದಕ್ಕೆ ಇಪ್ಪತ್ತೆಂಟು ದಿನ, ಕೆಲವೊಮ್ಮೆ ಇಪ್ಪತ್ತೇಳು. ಬೆರಳು ಮಡಚಿ ಲೆಕ್ಕ ಹಾಕಿದವಳು ಪುಸ್ತಕ ಮುಚ್ಚಿ ಒಬ್ಬಳೇ ನಕ್ಕೆ. ಮುಟ್ಟಾದ ಹೆಂಗಸು ಎಲೆತೋಟಕ್ಕೆ ಕಾಲಿಡುವಂತಿಲ್ಲ. ತೋಟದಲ್ಲಿ ನಿಂತು ಎಣಿಸುವವರು ನೀವೊಬ್ಬರೇ. ನೀವು ಬಾರದ ದಿನ ಕೊಯ್ದು ಏನು ಮಾಡುತ್ತಾರೆ? ನನ್ನ ಊಹೆ ಸರಿಯೇ? ಬಳ್ಳಿಗೆ ದಣಿವೆಂದು ಮೊದಲು ಹೇಳಿದವರು ನೀವೋ, ಇಲ್ಲ ಗಂಡಸರೇ ಹಾಗೆಂದುಕೊಂಡರೋ?

ಚರಿತ್ರೆಯಲ್ಲಿ ಇದನ್ನು ಬರೆಯುವುದಿಲ್ಲ, ಹೆದರಬೇಡಿ.

ಒಂದು ಉಪಕಾರ ಮಾತ್ರ ಆಗಬೇಕು. ಕಳೆದ ವರ್ಷ ನೀವು ಹೊನ್ನಾಳಿಗೆ ಮಗಳ ಮನೆಗೆ ಹೋದ ಮೇಲೆ, ಬಿಡುವು ಪ್ರತಿ ತಿಂಗಳೂ ಒಂದನೇ ತಾರೀಖಿನಿಂದ ಎಂದು ಠರಾವು ಮಾಡಿದ್ದಾರೆ. ಈಗ ಎಣಿಸುವವಳು ನಾನು. ನಿಮ್ಮ ಮಾತನ್ನು ಅಧ್ಯಕ್ಷರು ಮೀರುವುದಿಲ್ಲವಂತೆ. ಬಳ್ಳಿಗೆ ಯಾವಾಗ ದಣಿವಾಗುತ್ತದೆಂದು ಎಣಿಸುವವಳಿಗೇ ಗೊತ್ತಾಗುತ್ತದೆ ಎಂದು ಅವರಿಗೆ ಎರಡು ಸಾಲು ಬರೆಯುವಿರಾ?

ಕಾಗದ ಹತ್ತೊಂಬತ್ತರೊಳಗೆ ತಲುಪಿದರೆ ಒಳ್ಳೆಯದು.

ನಿಮ್ಮ ಜಾಗದಲ್ಲಿ ನಿಂತಿರುವ,
ಅನಸೂಯ