ಕನ್ನಡಿಯ ಹಿಂದಿನ ಮಾತ್ರೆ

ರೀ, ಎದ್ದ ಕೂಡಲೇ ಕೂಗಾಡಬೇಡಿ, ಮೊದಲು ಇದನ್ನು ಓದಿ.

ಕನ್ನಡಿಯ ಹಿಂದೆ ಬಚ್ಚಿಟ್ಟಿದ್ದ ಮಾತ್ರೆಗಳನ್ನು ಹುಡುಕಬೇಡಿ, ನನ್ನ ಪರ್ಸಿನಲ್ಲಿವೆ. ಇವತ್ತು ಹನ್ನೊಂದು ಗಂಟೆಗೆ ನಿಮ್ಮ ಆಪರೇಷನ್ನು. ಅದಕ್ಕೆ ಮೊದಲೇ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನಿಗೆ ತೋರಿಸಿಬಿಡುತ್ತೇನೆ.

ಪೂರ್ತಿ ಪ್ರಜ್ಞೆ ತಪ್ಪಿಸಿದರೆ ನಿಮ್ಮ ಹೃದಯ ತಡೆಯದು ಎಂದು ಮೊದಲಿನ ಡಾಕ್ಟರು ಕೈಚೆಲ್ಲಿದ್ದರು. ಈ ಡಾಕ್ಟರಮ್ಮ ಮಾತ್ರ, "ಆ ಜಾಗ ಅಷ್ಟೇ ಮರಗಟ್ಟೋ ಹಾಗೆ ಇಂಜೆಕ್ಷನ್ ಕೊಟ್ಟು ಪ್ರಾಸ್ಟೇಟ್ ಆಪರೇಷನ್ ಮಾಡ್ಬಹುದು ಯಜಮಾನ್ರೇ, ನೀವು ಎಚ್ಚರವಾಗೇ ಇರ್ತೀರಿ" ಎಂದರು. ರಿಪೇರಿಗೆ ಬಂದ ಗಡಿಯಾರ ಬಿಚ್ಚುವಾಗ ಗಿರಾಕಿಯನ್ನು ಎದುರಿಗೇ ಕೂರಿಸಿಕೊಳ್ಳುವವರು ನೀವು, ನಿಮ್ಮ ಮುಖ ಅರಳಿತು. ಹೃದಯಕ್ಕೆಂದು ಆ ಮಾತ್ರೆ ಇನ್ನೂ ದಿನಾ ನುಂಗುತ್ತಿರುವ ನಿಜ ಹೇಳಿದರೆ ಇವರೂ ಆಪರೇಷನ್ ಬೇಡವೆಂದಾರು ಎಂದು ಹೆದರಿ, "ರಕ್ತ ತೆಳು ಮಾಡೋ ಮಾತ್ರೆ ಬಿಟ್ಟು ತಿಂಗಳಾಯ್ತು ತಾಯಿ" ಎಂದುಬಿಟ್ಟಿರಿ. ನಾನೂ ಪಕ್ಕದಲ್ಲಿ ಕೋಲೆಬಸವನ ಹಾಗೆ ತಲೆಯಾಡಿಸಿದೆ. ಆಗಿನಿಂದ ನನಗೆ ತುತ್ತು ಇಳಿದಿಲ್ಲ. ಎಚ್ಚರವಾಗಿದ್ದ ಮಾತ್ರಕ್ಕೆ ರಕ್ತ ನಿಲ್ಲುತ್ತದೆಯೇ?

ನಾನು ಫೋನ್ ಮಾಡುವವರೆಗೆ ಏನೂ ತಿನ್ನಬೇಡಿ. ಮೂತ್ರದ ನಳಿಕೆಗೆ ಕಟ್ಟಿದ ಚೀಲವನ್ನು ಖಾಲಿ ಮಾಡಿದ್ದೇನೆ, ಓಡಾಡುವಾಗ ಎಳೆಯದಂತೆ ನೋಡಿಕೊಳ್ಳಿ. ಸೊಸೆಯ ಮೇಲೆ ರೇಗಬೇಡಿ, ಪಾಪ, ಅವಳಿಗೆ ಈ ವಿಷಯವೇ ಗೊತ್ತಿಲ್ಲ.

ಆಪರೇಷನ್ ಮುಂದಕ್ಕೆ ಹೋದರೆ ಹೋಗಲಿ. ಇನ್ನೊಂದು ತಿಂಗಳು ಆ ಚೀಲ ಹಿಡಿಯುವುದು ನನಗೆ ಭಾರವಲ್ಲ. ಕಟ್ಟಿಕೊಂಡವಳೇ ಚಾಡಿ ಹೇಳಿದಳು ಎಂದು ಬಾಯಿಗೆ ಬಂದಂತೆ ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಬೈಯಲು ನೀವಿರಬೇಕು, ಅಷ್ಟೇ.