ಆರು ಗಂಟೆ ತುಂಬಲಿ

ಸೆಪ್ಟೆಂಬರ್ 2, ಮಂಗಳವಾರ

ಕ್ಲಿನಿಕ್ಕಿನಿಂದ ಬಂದಾಗ ಏಳು. ಇವತ್ತು ಮೂರು ರೂಟ್ ಕೆನಾಲ್, ಒಂದು ಅಳುವ ಮಗು, ಆ ಮಗುವಿಗಿಂತ ಜೋರಾಗಿ ಅತ್ತ ಅದರ ಅಪ್ಪ. ಎಲ್ಲರೂ ಬಾಯಿ ತೆಗೆಯುವ ಜಾಗದಲ್ಲಿ ಬಾಯಿ ಮುಚ್ಚಿಕೊಂಡು ಕೂರುವ ರಿಸೆಪ್ಷನಿಸ್ಟ್ ನಾನು. ಮನೆಗೆ ಬಂದರೂ ಅದೇ ಕೆಲಸ.

ಊಟದ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿಲ್ಲ. ಇವರು ಪಾಲಿಸಿಗಳನ್ನೆಲ್ಲ ಪ್ರಿಂಟ್ ತೆಗೆದು ಹರಡಿಕೊಂಡಿದ್ದಾರೆ. ಕಿವಿಯ ಮೇಲೆ ಪೆನ್ಸಿಲ್. ಕ್ರೂಸ್ ಹಡಗು ಹತ್ತುವ ಊರಿಗೆ ವಿಮಾನದಲ್ಲಿ ಹೋಗಬೇಕಲ್ಲ — ಮಳೆಗಾಳಿಗೆ ವಿಮಾನ ತಡವಾಗಿ ಹಡಗು ತಪ್ಪಿದರೆ ಏನು ಗತಿ ಅಂತ ಟ್ರಾವೆಲ್ ಇನ್ಶೂರೆನ್ಸ್ ಹುಡುಕಾಟ. ಜೀವನಪೂರ್ತಿ ಫ್ಯಾಕ್ಟರಿಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದವರು. ರಿಟೈರ್ ಆದ ಮೇಲೆ ಅವರ ಫ್ಯಾಕ್ಟರಿ ಅಂದರೆ ನಾನು.

"ಇದು ಹನ್ನೆರಡು ಗಂಟೆ ಲೇಟ್ ಆದ್ರೆ ಮಾತ್ರ ದುಡ್ಡು ಕೊಡುತ್ತೆ. ಇದು ಆರು ಗಂಟೆಗೇ ಕೊಡುತ್ತೆ. ಯಾವುದು ಅಂತೀಯ?"

"ಆರು."

"ಯೋಚನೆ ಮಾಡಿ ಹೇಳು."

ಯೋಚಿಸಿದವಳ ಹಾಗೆ ಮುಖ ಮಾಡಿ ಮತ್ತೆ ಆರು ಅಂದೆ. ತಲೆ ಅಲ್ಲಾಡಿಸಿ ಓದಲು ಕೂತರು. ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮುಗಿಸಿದೆ.

ಸೆಪ್ಟೆಂಬರ್ 5, ಶುಕ್ರವಾರ

ಅಕ್ಕನ ಫೋನು. ಎಡಗಣ್ಣು ಪೂರ್ತಿ ಹೋಯಿತಂತೆ. ಬಲಗಣ್ಣಿನಲ್ಲಿ ಬಣ್ಣ ಗೊತ್ತಾಗುತ್ತದೆ, ಹತ್ತಿರ ಬಂದರೆ ಮುಖ ಗೊತ್ತಾಗುತ್ತದೆ. ವರ್ಷ ಮುಗಿಯುವಷ್ಟರಲ್ಲಿ ಅದೂ ಇಲ್ಲ ಅಂದಿದ್ದಾರೆ ಕಣ್ಣಿನ ಡಾಕ್ಟರು. ಎಷ್ಟೋ ಜನಕ್ಕೆ ಡ್ರೈವಿಂಗ್ ಕಲಿಸಿದವಳು. ತನ್ನ ಕಾರಿನ ಕೀಲಿ ಮಗಳ ಕೈಗೆ ಕೊಟ್ಟಾಯಿತು.

"ಕಣ್ಣಿರೋವಾಗ್ಲೇ ನಿನ್ನ ಮುಖ ನೋಡ್ಬೇಕು ಕಣೇ ಗುಬ್ಬಿ. ಆಮೇಲೆ ಮುಟ್ಟಿ ನೋಡೋದು ಇದ್ದೇ ಇದೆ."

ಗುಬ್ಬಿ. ಈ ವಯಸ್ಸಿನಲ್ಲಿ ನನ್ನನ್ನು ಹಾಗೆ ಕರೆಯಲು ಇನ್ನೊಬ್ಬರಿಲ್ಲ. ಅಕ್ಕನನ್ನು ನೋಡಿ ಆರು ವರ್ಷ. ಹಡಗಿನ ಯೋಚನೆ ಅಕ್ಕನದೇ — ಎಂಟು ದಿನ, ಅಕ್ಕಪಕ್ಕದ ಕೋಣೆ, ಸಮುದ್ರ ಬಿಟ್ಟರೆ ನಾವು. ಅವಳ ಮಗಳು ಬಂದರಿನವರೆಗೆ ಕರೆತರುತ್ತಾಳೆ. ಅಲ್ಲಿಂದ ಮುಂದೆ ಅಕ್ಕನ ಕಣ್ಣು ನಾನು.

ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊರಗಿನಿಂದ ಇವರು — "ನೀರು ಸುಮ್ನೆ ಹೋಗ್ತಿದೆ."

ಸೆಪ್ಟೆಂಬರ್ 11, ಗುರುವಾರ

ಹಳದಿ ಕೋಟು ಕೊಂಡೆ. ಕಣ್ಣು ಕುಕ್ಕುವ ಹಳದಿ. ಕ್ಲಿನಿಕ್ಕಿನ ಡಾಕ್ಟರು ನೋಡಿ, "ಏನು ಮೇಡಂ, ರಸ್ತೆ ರಿಪೇರಿಗೆ ಹೊರಟ್ರಾ?" ಅಂದರು. ಅಕ್ಕನಿಗೆ ಹಳದಿ ಚೆನ್ನಾಗಿ ಕಾಣಿಸುತ್ತದೆ. ಡೆಕ್ಕಿನಲ್ಲಿ ಎಷ್ಟೇ ಜನರಿರಲಿ, ದೂರದಿಂದ ಗುರುತು ಸಿಗಬೇಕು.

ಸಂಜೆ ಇವರ ಹತ್ತಿರ ಕೇಳಿದೆ — ಒಂದು ದಿನ ಮುಂಚೆ ಹೋಗೋಣವೇ? ಬಂದರಿನ ಹತ್ತಿರ ಯಾವುದಾದರೂ ಲಾಡ್ಜು. ಅಕ್ಟೋಬರ್ ಅಂದರೆ ಅಲ್ಲಿ ಬಿರುಗಾಳಿಯ ಕಾಲ. ವಿಮಾನ ತಡವಾದರೂ ಎದೆ ಢವಢವ ಇಲ್ಲ.

ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನು ನೋಡಿದರು. ಹೆಲ್ಮೆಟ್ ಹಾಕದ ಕಾರ್ಮಿಕನನ್ನು ನೋಡುತ್ತಿದ್ದ ನೋಟ ಇದೇ ಇರಬೇಕು.

"ಮುಂಚೆ ಹೋಗೋದಾದ್ರೆ ಇನ್ಶೂರೆನ್ಸ್ ಯಾಕೆ? ಅದಕ್ಕೇ ಅಲ್ವಾ ಪಾಲಿಸಿ ಮಾಡಿಸ್ತಿರೋದು?"

ಅಲ್ಲಿಗೆ ಮಾತು ಮುಗಿಯಿತು. ನನ್ನ ಮಾತಿಗೆ ಈ ಮನೆಯಲ್ಲಿ ಯಾವತ್ತು ಸೊಪ್ಪು ಹಾಕಿದ್ದಾರೆ.

ಸೆಪ್ಟೆಂಬರ್ 14, ಭಾನುವಾರ

ಪಾಲಿಸಿ ಕೊಂಡಾಯಿತು. ಆರು ಗಂಟೆಯದೇ. ನಾನು ಮೊದಲ ದಿನವೇ ಹೇಳಿದ್ದೆ ಅಂತ ನೆನಪಿಸಲಿಲ್ಲ. ಇಷ್ಟು ದಿನ ಮೊಸರಲ್ಲಿ ಕಲ್ಲು ಹುಡುಕಿ ಈಗ ಗೆದ್ದವರ ಹಾಗೆ ಕೂತಿದ್ದಾರೆ. ಬಿರುಗಾಳಿಗೆ ಹೆಸರಿಟ್ಟ ಮೇಲೆ ಕೊಂಡರೆ ಅದರಿಂದಾದ ನಷ್ಟಕ್ಕೆ ಬಿಡಿಗಾಸೂ ಸಿಗುವುದಿಲ್ಲವಂತೆ. "ಹೆಸರಿಡೋಕೆ ಮುಂಚೆ ತಗೊಂಡಿದ್ದೀನಿ, ನೋಡು."

ನಾನು ಬಟ್ಟೆ ಮಡಚುತ್ತಿದ್ದೆ. ಪೆನ್ಸಿಲ್ ಗೆರೆ ಎಳೆದಿದ್ದ ಸಾಲು ಓದಿ ಹೇಳಿದರು — ಆರು ಗಂಟೆ ತುಂಬುವ ಮೊದಲೇ ನಮ್ಮಿಷ್ಟದಿಂದ ಟಿಕೆಟ್ ಬಿಟ್ಟುಕೊಟ್ಟರೆ ಪರಿಹಾರವಿಲ್ಲ. ಹೂಂ ಅಂದೆ. ಎಲ್ಲಕ್ಕೂ ಅನ್ನುವ ಹೂಂ.

ಇಬ್ಬರ ಪಾಸ್‌ಪೋರ್ಟೂ ಕೊರಳಿಗೆ ಹಾಕುವ ಪೌಚಿನಲ್ಲಿ ಸೇರಿದವು. ಪೌಚು ಇವರ ಕೊರಳಿಗೆ. "ಇಬ್ಬರ ಕೈಲಿದ್ರೆ ಒಂದು ಕಳೆಯುತ್ತೆ." ಆ ಒಂದು ಯಾರದು ಅಂತ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅಕ್ಟೋಬರ್ 4, ಶನಿವಾರ

ಬಿರುಗಾಳಿಗೆ ಹೆಸರಿಟ್ಟರು. ಟಿವಿ ಮುಂದೆ ಇವರ ಮುಖ ಅರಳಿತು. ಮದುವೆ ಫೋಟೋದಲ್ಲೂ ಇಷ್ಟು ಸಂತೋಷವಿಲ್ಲ.

"ಈಗ ತಗೊಳೋಕೆ ಹೋದವರ ಗತಿ ನೋಡು."

ದಾರಿ ಬದಲಿಸಬಹುದು, ನಮ್ಮ ಕಡೆ ಬರಲಿಕ್ಕಿಲ್ಲ ಅಂತಾರೆ ವಾರ್ತೆಯವರು. ಹಡಗು ಗುರುವಾರ. ಮತ್ತೊಮ್ಮೆ ಕೇಳಿದೆ, ಬುಧವಾರವೇ ಹೊರಡೋಣವೇ ಅಂತ. ಅದೇ ಉತ್ತರ.

ಅಕ್ಟೋಬರ್ 9, ಗುರುವಾರ. ವಿಮಾನ ನಿಲ್ದಾಣ

ಬೆಳಿಗ್ಗೆ 7.10 — ಆರಕ್ಕೆ ಹೊರಡಬೇಕಿದ್ದ ವಿಮಾನ. ಬೋರ್ಡಿನಲ್ಲಿ ಈಗ ಎಂಟೂವರೆ. ಇಲ್ಲಿ ಬಿಸಿಲು ಹೊಡೆಯುತ್ತಿದೆ, ಬಿರುಗಾಳಿ ಇರುವುದು ಅಲ್ಲಿ. ಹಡಗಿನ ಗೇಟು ಮುಚ್ಚುವುದು ನಾಲ್ಕಕ್ಕೆ. ಹಾರಾಟ ಮೂರು ಗಂಟೆ. ಇನ್ನೂ ಸಮಯವಿದೆ. ಇದೆ.

9.30 — ಈಗ ಹನ್ನೊಂದು ಅಂತ ಹಾಕಿದ್ದಾರೆ. ಹಳದಿ ಕೋಟಿನಲ್ಲಿ ಬೆವರುತ್ತಿದ್ದೇನೆ. ಬಿಚ್ಚಲು ಮನಸ್ಸಿಲ್ಲ. ಇವರು ಬೋರ್ಡಿನ ಫೋಟೋ ತೆಗೆಯುತ್ತಿದ್ದಾರೆ, ಬದಲಾದಾಗಲೆಲ್ಲ. ದಾಖಲೆಗೆ.

11.45 — ಇದನ್ನು ಈಗಲೇ ಬರೆದುಬಿಡಬೇಕು.

ಹನ್ನೊಂದು ಇಪ್ಪತ್ತಕ್ಕೆ ಕೌಂಟರಿನ ಹುಡುಗಿ ಕರೆದಳು. ಬೇರೆ ಕಂಪನಿಯ ವಿಮಾನ, ಬಂದರಿನ ಪಕ್ಕದ ಊರಿಗೆ. ಅಲ್ಲಿ ಗಾಳಿಯಿಲ್ಲ. ಅಲ್ಲಿಂದ ಬಂದರಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಇಲ್ಲ. ಎರಡೇ ಸೀಟು. ಈ ಟಿಕೆಟ್ ಬಿಟ್ಟುಕೊಟ್ಟೆವು ಅಂತ ಸಹಿ ಹಾಕಬೇಕು.

"ತಗೋತೀವಿ," ಅಂದೆ. ನಾನೇ ಅಂದೆ. ಬಾಯಿಂದ ಅಷ್ಟು ಬೇಗ ಮಾತು ಬಂದದ್ದು ನನಗೇ ಆಶ್ಚರ್ಯ.

"ಸ್ವಲ್ಪ ತಡಿ," ಅಂದರು ಇವರು. "ಆರು ಗಂಟೆ ತುಂಬೋಕೆ ಇನ್ನೂ ನಲವತ್ತು ನಿಮಿಷ ಇದೆ. ಈಗ ಬಿಟ್ಟುಕೊಟ್ರೆ ಪೂರ್ತಿ ಕ್ಲೇಮ್ ಹೋಗುತ್ತೆ. ತುಂಬಲಿ, ಆಮೇಲೆ ಸಹಿ ಹಾಕೋಣ."

"ಅಷ್ಟೊತ್ತಿಗೆ ಆ ವಿಮಾನದ ಗೇಟ್ ಮುಚ್ಚಿರುತ್ತೆ ಸರ್," ಅಂದಳು ಹುಡುಗಿ.

"ನಮ್ಮ ವಿಮಾನ ಹನ್ನೆರಡಕ್ಕೆ ಬಿಡುತ್ತೆ ಅಂತ ನಿಮ್ಮ ಬೋರ್ಡೇ ಹೇಳ್ತಿದೆಯಲ್ಲಮ್ಮ."

"ಬೋರ್ಡನ್ನ ನಂಬಬೇಡಿ ಸರ್." ಆಮೇಲೆ ನನ್ನ ಕಡೆ ತಿರುಗಿದಳು. "ಮೇಡಂ, ಹಿಂದೆ ಜನ ಇದ್ದಾರೆ. ನೀವೊಬ್ರೇ ಹೋಗೋದಾದ್ರೂ ಪಾಸ್‌ಪೋರ್ಟ್ ಕೊಡಿ."

ಪಾಸ್‌ಪೋರ್ಟು ಇವರ ಎದೆಯ ಮೇಲಿತ್ತು. ಒಂದು ಮೊಳ ದೂರ. ಪೌಚಿನ ಮೇಲೆ ಕೈಯಿಟ್ಟುಕೊಂಡಿದ್ದರು, ಜೇಬುಗಳ್ಳರಿಗೆ ಹೆದರಿದವರ ಹಾಗೆ. ಕೊಡಿ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಇಲ್ಲ ಅನ್ನುತ್ತಿದ್ದರೋ ಏನೋ, ಗೊತ್ತಿಲ್ಲ. ಅವರ ಮುಖ ನೋಡುತ್ತಾ ನಿಂತೆ. ಹಿಂದಿದ್ದ ಗಂಡಹೆಂಡತಿ ಮುಂದೆ ಬಂದು ಸಹಿ ಹಾಕಿದರು.

ಅಕ್ಕನ ಮಗಳು ಬಂದರಿನಿಂದ ಫೋನು ಮಾಡಿದಳು. "ಚಿಕ್ಕಮ್ಮ, ಅಮ್ಮನ್ನ ಹತ್ತಿಸ್ಲಾ? ನೀವು ಬರೋದು ಗ್ಯಾರಂಟಿ ತಾನೇ?" ಬೋರ್ಡಿನ ಹನ್ನೆರಡನ್ನು ನೋಡುತ್ತಾ ಹೇಳಿದೆ, "ಹತ್ತಿಸು. ಬಂದೇ ಬರ್ತೀವಿ."

12.05 — ಆರು ಗಂಟೆ ತುಂಬಿತು. ಇವರು ವಾಚು ತೋರಿಸಿದರು. ಅದೇ ಗಳಿಗೆಯಲ್ಲಿ ಬೋರ್ಡು ಬದಲಾಯಿತು. ಸಂಜೆ ಏಳೂಕಾಲು. ಅಕ್ಕನ ಮಗಳಿಗೆ ಫೋನು ಮಾಡಿದರೆ, ಅಮ್ಮ ಆಗಲೇ ಹತ್ತಿಯಾಯಿತು, ಫೋನೂ ಸಿಗುತ್ತಿಲ್ಲ ಅಂದಳು.

4.20 — ಅಕ್ಕನ ವಾಯ್ಸ್ ಮೆಸೇಜು. ಹಿಂದೆ ಬ್ಯಾಂಡು, ಜನರ ಗದ್ದಲ. "ಗುಬ್ಬೀ, ಎಲ್ಲಿದ್ದೀಯೇ? ಮೇಲ್ಗಡೆ ಕಂಬಿ ಹಿಡ್ಕೊಂಡು ನಿಂತಿದ್ದೀನಿ. ಹಳದಿ ಕೋಟು ಅಂದಿದ್ದೆಯಲ್ಲ, ಇಲ್ಲಿ ಯಾವುದೂ ಕಾಣ್ತಿಲ್ಲ..."

ಅಲ್ಲಿಗೆ ಸಿಗ್ನಲ್ ಹೋಗಿದೆ.

ಅಕ್ಟೋಬರ್ 10, ಶುಕ್ರವಾರ

ಮನೆ. ಹಡಗು ಮುಂದೆ ನಿಲ್ಲುವ ಊರಿಗೆಲ್ಲ ಬೇರೆ ವೀಸಾ ಬೇಕು. ಅಲ್ಲಿಗೆ ಹೋಗಿ ಹತ್ತಬಹುದೇ ಅಂತ ಕೇಳಿಯಾಯಿತು. ಅಕ್ಕನ ಮಗಳು ಹಡಗಿನವರಿಗೆ ಫೋನು ಮಾಡಿ, ಅಮ್ಮನಿಗೆ ಕಣ್ಣು ಕಾಣಿಸುವುದಿಲ್ಲ, ಯಾರಾದರೂ ನೋಡಿಕೊಳ್ಳಿ ಅಂದಳಂತೆ. ನನ್ನ ಹತ್ತಿರ ಒಂದೇ ಮಾತು — "ಗ್ಯಾರಂಟಿ ಅಂದ್ರಲ್ಲ ಚಿಕ್ಕಮ್ಮ."

ಇವರು ಬೆಳಗಿನಿಂದ ಕ್ಲೇಮ್ ಅರ್ಜಿ ತುಂಬುತ್ತಿದ್ದಾರೆ. ವಿಮಾನ ತಡವಾದದ್ದಕ್ಕೆ ಸರ್ಟಿಫಿಕೇಟ್ ಇಸಿದುಕೊಳ್ಳಲು ನಿನ್ನೆ ಒಂದು ಗಂಟೆ ಕ್ಯೂ ನಿಂತಿದ್ದರು. ನಾನು ಕುರ್ಚಿಯಲ್ಲಿ ಕೋಟು ಹಾಕಿಕೊಂಡೇ ಕೂತಿದ್ದೆ.

ಅಕ್ಟೋಬರ್ 19, ಭಾನುವಾರ

ಅಕ್ಕ ಮೊನ್ನೆ ಇಳಿದಳು. ಇವತ್ತು ಮಾತಾಡಿದೆವು. ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

"ಚೆನ್ನಾಗಿತ್ತು ಕಣೇ. ಊಟ ಕೋಣೆಗೇ ತಂದುಕೊಡ್ತಿದ್ರು." ಯಾಕೆ ಕೋಣೆಗೆ ಅಂದೆ. ಎರಡನೇ ದಿನ ಹೊರಗೆ ಹೋದವಳಿಗೆ ತನ್ನ ಕೋಣೆ ಸಿಗಲಿಲ್ಲವಂತೆ. ಎಲ್ಲ ಬಾಗಿಲೂ ಒಂದೇ ಥರ. ಯಾರದೋ ಬಾಗಿಲು ತಟ್ಟಿ ಬಯ್ಸಿಕೊಂಡಳಂತೆ. ಆಮೇಲೆ ಒಬ್ಬಳೇ ಹೋಗಲಿಲ್ಲ. ಎಂಟು ದಿನ ಸಮುದ್ರದ ಮೇಲಿದ್ದು ಅದರ ಸದ್ದು ಮಾತ್ರ ಕೇಳಿಕೊಂಡು ಬಂದಳು.

"ಮೊದಲ ದಿನ ಒಂದು ತಮಾಷೆ ಆಯ್ತು. ಹಳದಿ ಕಂಡಿದ್ದಕ್ಕೆಲ್ಲ ಗುಬ್ಬಿ ಗುಬ್ಬಿ ಅಂತ ಹೋಗ್ಬಿಟ್ಟೆ. ಒಬ್ಬ ಹಡಗಿನ ಕೆಲಸದವನು ಪಾಪ, ಕೈ ಹಿಡ್ಕೊಂಡು ಕರ್ಕೊಂಡು ಬಂದ."

ನಗುತ್ತಿದ್ದಳು. ನಾನೂ ನಕ್ಕೆ. ಇವರು ಪಕ್ಕದಿಂದ, "ನಮ್ಮ ಕ್ಲೇಮ್ ಪ್ರಾಸೆಸ್ಸಲ್ಲಿದೆ ಅಂತ ಹೇಳು," ಅಂದರು.

ನವೆಂಬರ್ 20, ಗುರುವಾರ

ಕ್ಲೇಮ್ ಮಂಜೂರು. ಒಂದು ಕಾಸೂ ಕಡಿತವಿಲ್ಲ. ಮೇಲಿನ ಮನೆಯವರಿಗೆ ಹೇಳಿಯಾಯಿತು, ಹಾಲಿನವನಿಗೆ ಹೇಳಿಯಾಯಿತು. "ಎಷ್ಟೋ ಜನ ಅವತ್ತು ಗಡಿಬಿಡಿಯಲ್ಲಿ ಸಹಿ ಹಾಕಿ ಕಳ್ಕೊಂಡ್ರು." ಹೌದು. ಕಳೆದುಕೊಂಡು ಹಡಗು ಹತ್ತಿದರು.

ರಾತ್ರಿ ಊಟಕ್ಕೆ ಕೂತಾಗ, "ಮುಂದಿನ ವರ್ಷ ಇದೇ ದುಡ್ಡಲ್ಲಿ ಹೋಗೋಣ. ನಿಮ್ಮ ಅಕ್ಕನ್ನೂ ಕರಿ," ಅಂದರು.

"ಮುಂದಿನ ವರ್ಷ ಅವಳಿಗೆ ಏನು ತೋರಿಸ್ತೀರಿ?"

ಅನ್ನಕ್ಕೆ ಸಾರು ಹಾಕಿಕೊಂಡರು. "ಬಿರುಗಾಳಿ ನಾನು ತರಿಸಿದ್ದಾ?" ಅಂದರು. ಅಷ್ಟೇ.

ದ್ವೇಷ ಅನ್ನುವುದು ದೊಡ್ಡ ಮಾತು. ಆದರೆ ಇವತ್ತು ಅವರ ಅಗಿಯುವ ಸದ್ದು ಸಹಿಸಲು ಆಗಲಿಲ್ಲ. ಅವರಿಗಿಂತ ಹೆಚ್ಚು ಸಹಿಸಲಾಗದ್ದು ಆ ಕೌಂಟರಿನ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದ ಹೆಂಗಸನ್ನು.

ಡಿಸೆಂಬರ್ 7, ಭಾನುವಾರ

ಮಧ್ಯಾಹ್ನ ವಿಡಿಯೋ ಕಾಲ್. ಕಿಟಕಿಯ ಪಕ್ಕ ಕೂತಿದ್ದೆ, ಮೈಮೇಲೆ ಬಿಸಿಲು. ಅಕ್ಕನಿಗಾಗಿ ಹಳದಿ ಕೋಟು ಹಾಕಿಕೊಂಡಿದ್ದೆ. ಅವಳು ನನ್ನ ಕಿವಿಯ ಪಕ್ಕ ಎಲ್ಲೋ ನೋಡುತ್ತಿದ್ದಳು.

"ಕತ್ತಲಲ್ಲಿ ಯಾಕೆ ಕೂತಿದ್ದೀಯೇ ಗುಬ್ಬಿ? ದೀಪ ಹಾಕ್ಬಾರ್ದಾ?"

ಎದ್ದು ಸ್ವಿಚ್ಚು ಒತ್ತಿದೆ, ಅವಳಿಗೆ ಸದ್ದು ಕೇಳಿಸಲಿ ಅಂತ. "ಈಗ ಸರಿಹೋಯ್ತು," ಅಂದಳು ಅಕ್ಕ. ಸುಳ್ಳು. ನನ್ನ ಸಮಾಧಾನಕ್ಕೆ ಹೇಳಿದ ಸುಳ್ಳು.

ಸಂಜೆ ಇವರು ವಾಕಿಂಗ್ ಹೋಗಿದ್ದಾಗ ಬೀರು ತೆಗೆದೆ. ಪೌಚಿನ ಜಿಪ್ಪು ಎಳೆದೆ. ನನ್ನದನ್ನು ತೆಗೆದುಕೊಂಡೆ. ಎಷ್ಟು ಸುಲಭ. ಇಷ್ಟೇ ಇತ್ತು ಕೆಲಸ.

ಅಕ್ಕನ ಊರಿಗೆ ಟಿಕೆಟ್ ಕೊಂಡಿದ್ದೇನೆ. ಬುಧವಾರ. ಒಂದೇ ಸೀಟು, ಹೋಗುವುದಕ್ಕೆ ಮಾತ್ರ. ಕ್ಲಿನಿಕ್ಕಿನ ಡಾಕ್ಟರಿಗೆ ಹೇಳಿಯಾಯಿತು. ಅಕ್ಕ ಮುಟ್ಟಿ ನೋಡಲಿ.

ಇವರು ಬಂದರು. ಬೀರು ತೆಗೆದ ಸದ್ದು. ಪ್ರತಿ ಭಾನುವಾರ ಎಲ್ಲ ಇದೆಯೇ ಅಂತ ನೋಡುವ ಅಭ್ಯಾಸ. ಈಗ ಬಾಗಿಲಲ್ಲಿ ನಿಂತಿದ್ದಾರೆ. ಕೈಯಲ್ಲಿ ಪೌಚು, ಜಿಪ್ಪು ತೆರೆದದ್ದು. ಮೇಜಿನ ಮೇಲಿನ ಟಿಕೆಟ್ ಎತ್ತಿ ಓದಿದರು. ತುಂಬ ಹೊತ್ತು ಓದಿದರು. ಯಾಕೆ ಅಂತ ಕೇಳಲಿಲ್ಲ. ಯಾವಾಗ ಬರ್ತೀಯ ಅಂತಲೂ ಕೇಳಲಿಲ್ಲ.

"ಇನ್ಶೂರೆನ್ಸ್ ಮಾಡಿಸಿದ್ದೀಯಾ?"

ಪೆನ್ನು ಕೆಳಗಿಡುತ್ತೇನೆ. ಇದನ್ನು ಬರೆಯುವುದಲ್ಲ, ಬಾಯಿ ತೆಗೆದು —